ಕಮೋಡಿನ ಗುಲಾಬಿ ಗೆರೆ

ಉಡುಪಿಯ ನಮ್ಮ ಮನೆಯ ಕಮೋಡಿನಲ್ಲಿ, ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಒಂದು ಗುಲಾಬಿ ಗೆರೆ ಮೂಡುತ್ತಿತ್ತು. "ಅದು ಬಾವಿ ನೀರಿನ ಕಬ್ಬಿಣ ಮಾರಾಯ್ತಿ, ಹೋಗುದಿಲ್ಲ" ಅಂತ ಅಮ್ಮ ಹೇಳಿದ್ದರು. ನಮ್ಮದು ಕಬ್ಬಿಣ ಹೆಚ್ಚಿರುವ ಮುರಕಲ್ಲಿನ ನೆಲ, ಹಾಗಾಗಿ ನಾನೂ ನಂಬಿದ್ದೆ. ಆದರೆ ಕಬ್ಬಿಣದ ಕಲೆ ಗಟ್ಟಿಯಾಗಿ ಕೂತಿರುತ್ತದೆ. ಇದು ಒರೆಸಿದರೆ ಲೋಳೆಯಾಗಿ ಜಾರುತ್ತಿತ್ತು, ಮೂರೇ ದಿನಕ್ಕೆ ಮತ್ತೆ ಬರುತ್ತಿತ್ತು.

ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಜುಲೈಯಲ್ಲಿ ಹತ್ತಿಕಡ್ಡಿಯಿಂದ ಒರೆಸಿ ಸ್ವಾಬ್ ತೆಗೆದು ಲ್ಯಾಬಿಗೆ ಒಯ್ದೆ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಪ್ಲೇಟಿನ ಮೇಲೆ ಬೆಳೆದ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಬಿಳಿ. ಗುಲಾಬಿ ಎಲ್ಲಿ ಹೋಯಿತು? ಅದರಿಂದಲೇ ಹೊಸ ಪ್ಲೇಟಿಗೆ ಗೀರಿ, ಸುಮ್ನೆ ಮೇಜಿನ ಮೇಲೆ ಬಿಟ್ಟೆ. ಎರಡು ದಿನಕ್ಕೆ ಕುಂಕುಮದ ಹಾಗೆ ಕೆಂಪಾಯಿತು. ಅಲ್ಲಿಗೆ ಸೆರಾಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಇರಬೇಕು ಅನ್ನಿಸಿತು. ಅದರ ಪ್ರೊಡಿಜಿಯೋಸಿನ್ ಎಂಬ ಬಣ್ಣ 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ, ಮೈ ಬಿಸಿಯಲ್ಲಿ ಬರುವುದಿಲ್ಲ. ಬಣ್ಣ ನೋಡಿ ಮಾತ್ರ ಹೆಸರು ಹೇಳಬಾರದು, ಮೀಥೈಲೋಬ್ಯಾಕ್ಟೀರಿಯಂ ಎಂಬ ಬೇರೆ ಬ್ಯಾಕ್ಟೀರಿಯಾ ಕೂಡ ಗುಲಾಬಿಯೇ. ಬ್ಯಾಕ್ಟೀರಿಯಾ ಗುರುತಿಸುವ ಗ್ರಾಂ ಸ್ಟೇನ್, ಡಿಎನ್‌ಏಸ್ ಪರೀಕ್ಷೆ ಮಾಡಿದ ಮೇಲೆಯೇ ಒಪ್ಪಿಕೊಂಡೆ.

ಟೈಲ್ಸ್ ಸಂದಿನ ಕಪ್ಪು ಬೂಸ್ಟಿನಲ್ಲಿ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರಗಳು ಸಿಕ್ಕವು. ಈ ಮಳೆಗೆ ಅದು ಆಶ್ಚರ್ಯವಲ್ಲ.

ಬೇಸರವಾದದ್ದು ಕರುಳಿನ ಬ್ಯಾಕ್ಟೀರಿಯಾ ಹುಡುಕಲು ಬಳಸುವ ಮ್ಯಾಕಾಂಕಿ ಅಗಾರ್ ಪ್ಲೇಟು ನೋಡಿ. ಕಮೋಡಿನ ಸೀಟಿನಿಂದ ಬಂದದ್ದು ಎರಡೇ ಕಾಲನಿ. ಹೆಲ್ತ್ ಫಾಸೆಟ್ಟಿನ ಹಿಡಿಯ ಪ್ಲೇಟಿನಲ್ಲಿ ಮಾತ್ರ ಮಲದಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಥರದ ಗುಲಾಬಿ ಕಾಲನಿಗಳು ತುಂಬಿದ್ದವು. ಕೈ ತೊಳೆಯುವ ಮೊದಲೇ ಎಲ್ಲರೂ ಮುಟ್ಟುವ ಜಾಗ ಅದು, ಅಲ್ವಾ? ನಾವು ಉಜ್ಜುತ್ತಿದ್ದದ್ದು ಸೀಟನ್ನು, ಹಿಡಿಯನ್ನಲ್ಲ.

ಬ್ಲೀಚಿಂಗ್ ನೀರು ಸುರಿದರೆ ಸಾಕು ಅಂದುಕೊಂಡಿದ್ದೆ. ಲೋಳೆ ಪದರದ ಅಡಿಗೆ ಅದು ಸರಿಯಾಗಿ ಇಳಿಯುವುದಿಲ್ಲ. ಮೊದಲು ಸೋಪು ಹಾಕಿ ಬ್ರಷ್ಷಿನಲ್ಲಿ ಪದರ ಕೀಳಬೇಕು, ತೊಳೆಯಬೇಕು, ಆಮೇಲೆ ಬ್ಲೀಚಿಂಗ್ ನೀರು ಹಾಕಿ 10 ನಿಮಿಷ ಬಿಡಬೇಕು. ಆ ಹೊತ್ತಿನಲ್ಲಿ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೇರಿಸಲೇಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ನೆಲಕ್ಕೆ ವೈಪರ್ ಎಳೆದು, ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಿಸುತ್ತೇವೆ. ಬೂಸ್ಟು ಕಡಿಮೆಯಾದದ್ದು ಇದರಿಂದಲೇ. ಪ್ಲೇಟುಗಳನ್ನೆಲ್ಲ ಲ್ಯಾಬಿನಲ್ಲಿ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡಿ ಬಿಸಾಡಿದೆ. ಇಂಥದ್ದನ್ನು ಮನೆಯಲ್ಲಿ ಬೆಳೆಸಬೇಡಿ.

ಎರಡು ವಾರವಾಯಿತು, ಗೆರೆ ಬಂದಿಲ್ಲ. ಆದರೆ ಫ್ಲಶ್ ಟ್ಯಾಂಕಿನ ಒಳಗಿನ ಸ್ವಾಬ್ ಇನ್ನೂ ಕೆಂಪಾಗುತ್ತಿದೆ. ಭಾನುವಾರ ಅದನ್ನು ಖಾಲಿ ಮಾಡಿ ಉಜ್ಜಬೇಕು.