ಒಂದೇ ಸಾಲ, ಎರಡು ಹೆಸರು: ಮಾರಿಹೋದ ಹಳೆಯ ಬಾಕಿಯನ್ನು ನಾನು ತೀರಿಸಿದ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯ ಹಂಚಿನ ಮಾಡು ಬಿಚ್ಚಿ ತಾರಸಿ ಹಾಕಿಸಬೇಕೆಂದು 2024ರ ಮೇ ತಿಂಗಳಲ್ಲಿ ಸಾಲಕ್ಕೆ ಅರ್ಜಿ ಕೊಟ್ಟಿದ್ದೆ. ಬ್ಯಾಂಕಿನ ಮ್ಯಾನೇಜರ್ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ನನ್ನ ಸಾಲದ ವರದಿಯಲ್ಲಿ ಕೆಂಪಾಗಿದ್ದ ಎರಡು ನಮೂದುಗಳ ಮೇಲೆ ಬೆರಳಿಟ್ಟು, "ಇದು ಇರುವಷ್ಟು ದಿನ ನಾನು ಶಿಫಾರಸು ಮಾಡಲಾರೆ" ಎಂದರು. ಸಾಲ ತೀರಿಸಿದ ಬಗೆ ನೋಡಿ ಕೊಡುವ ನನ್ನ ಅಂಕ (ಕ್ರೆಡಿಟ್ ಸ್ಕೋರ್) 581. ಈ ಅಂಕ 300ರಿಂದ 900ರವರೆಗೆ ಇರುತ್ತದೆಂದು ನನಗೆ ತಿಳಿದದ್ದೇ ಆ ದಿನ.

ಸಾಲ ನನ್ನದೇ. ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, 2010ರಲ್ಲಿ, ಒಂದು ಬ್ಯಾಂಕಿನಿಂದ ಒಂದೂವರೆ ಲಕ್ಷ ರೂಪಾಯಿ ವೈಯಕ್ತಿಕ ಸಾಲ ತೆಗೆದಿದ್ದೆ. 2012ರ ಕೊನೆಗೆ ಕೆಲಸ ಹೋಯಿತು, ಊರಿಗೆ ಮರಳಿದೆ, ಮರುವರ್ಷದ ಮಳೆಗೆ ತೋಟಕ್ಕೆ ಕೊಳೆರೋಗ ಬಂತು, ಕಂತು ನಿಂತಿತು. ಕೆಲವು ವರ್ಷಗಳ ಬಳಿಕ ಫೋನು ಬರುವುದೂ ನಿಂತದ್ದರಿಂದ ಆ ವಿಷಯ ಅಲ್ಲಿಗೆ ಮುಗಿಯಿತೆಂದು ನಂಬಿದ್ದೆ. ಆದರೆ ಬ್ಯಾಂಕು ಆ ಸಾಲವನ್ನು ಇತರ ವಸೂಲಾಗದ ಸಾಲಗಳೊಂದಿಗೆ ಒಂದು ಆಸ್ತಿ ಪುನರ್ನಿರ್ಮಾಣ ಕಂಪನಿಗೆ ಮಾರಿತ್ತು. 2002ರ ಸರ್ಫೇಸಿ ಕಾಯಿದೆಯಡಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಇಂಥ ಕಂಪನಿಗಳು ಬ್ಯಾಂಕುಗಳ ಕೆಟ್ಟ ಸಾಲಗಳನ್ನು ಕೊಳ್ಳುತ್ತವೆ. ವಸೂಲಿಯ ಕೆಲಸವನ್ನು ಹಲವು ವೇಳೆ ಬೇರೆ ಏಜೆನ್ಸಿಗಳಿಗೆ ವಹಿಸುತ್ತವೆ.

ಪರದೆಯಲ್ಲಿ ಎರಡು ನಮೂದುಗಳಿದ್ದದ್ದು ಇದೇ ಕಾರಣಕ್ಕೆ. ಒಂದರಲ್ಲಿ ಬ್ಯಾಂಕಿನ ಹೆಸರು, "ರಿಟನ್ ಆಫ್" (ವಸೂಲಾಗದೆಂದು ಬ್ಯಾಂಕು ಲೆಕ್ಕದಿಂದ ತೆಗೆದದ್ದು), ಬಾಕಿ 96,420 ರೂಪಾಯಿ. ಇನ್ನೊಂದರಲ್ಲಿ ಕೊಂಡುಕೊಂಡ ಕಂಪನಿಯ ಹೆಸರು, ಬಾಕಿ ಅದೇ 96,420. ಓದುವವರ ಕಣ್ಣಿಗೆ ನಾನು ಇಬ್ಬರಿಗೆ ಒಟ್ಟು 1,92,840 ರೂಪಾಯಿ ಕೊಡದೆ ಕುಳಿತವನು. ಸಾಲ ಹದಿನಾಲ್ಕು ವರ್ಷ ಹಳೆಯದಾದರೂ "ವರದಿಯಾದ ದಿನಾಂಕ" ಎಂಬ ಜಾಗದಲ್ಲಿ ಹಿಂದಿನ ತಿಂಗಳ ತಾರೀಕೇ ಇತ್ತು.

ವಿಚಿತ್ರವೆಂದರೆ, ನಾನು ಅರ್ಜಿ ಕೊಟ್ಟ ವಾರದೊಳಗೆ ವಸೂಲಿಯವರ ಫೋನು ಮತ್ತೆ ಶುರುವಾಯಿತು. ರಾತ್ರಿ ಎಂಟೂವರೆಗೆ ಮಲಯಾಳದಲ್ಲಿ ಒಬ್ಬರು, ಮರುದಿನ ಹಿಂದಿಯಲ್ಲಿ ಇನ್ನೊಬ್ಬರು, ಮೂರನೆಯ ದಿನ ಪೆರ್ಲದಲ್ಲಿರುವ ನನ್ನ ಭಾವನಿಗೇ ಫೋನು. ಬಾಕಿ 1,86,000 ಆಗಿದೆ, ಇವತ್ತೇ ಐದು ಸಾವಿರ ಹಾಕಿದರೆ ನಾಳೆ ಸಿಬಿಲ್ (ಸಾಲದ ವರದಿ) ಕ್ಲಿಯರ್ ಎಂದು ಹೇಳಿ, ಹಣ ಹಾಕಲು ಯಾರದೋ ಖಾಸಗಿ ಮೊಬೈಲ್ ಸಂಖ್ಯೆ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಮೊದಲು ಮತ್ತು ಸಂಜೆ ಏಳರ ನಂತರ ವಸೂಲಿಗಾಗಿ ಫೋನು ಮಾಡಬಾರದು, ಸಾಲಗಾರನ ಬಂಧುಗಳನ್ನು ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ನಾನು ಜಗಳಕ್ಕೆ ಹೋಗಲಿಲ್ಲ. ಪ್ರತಿ ಕರೆಯ ದಿನ, ಗಂಟೆ, ಸಂಖ್ಯೆಯನ್ನು ಅಡಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ, ಮತ್ತು "ಕಾಗದದಲ್ಲಿ ಬರೆದು ಕಳಿಸಿ" ಎಂಬ ಒಂದೇ ಮಾತು ಹೇಳಿದೆ. ಆ ಐದು ಸಾವಿರ ಹಾಕದೇ ಇದ್ದದ್ದು ನಾನು ಮಾಡಿದ ಅತ್ಯಂತ ಸರಿಯಾದ ಕೆಲಸವೆಂದು ಈಗಲೂ ಭಾವಿಸುತ್ತೇನೆ, ಏಕೆಂದರೆ ಅದು ಯಾವ ಲೆಕ್ಕಕ್ಕೆ ಹೋಗುತ್ತಿತ್ತೆಂದು ತೋರಿಸುವ ಒಂದು ಚೂರು ಕಾಗದವೂ ನನ್ನ ಕೈಗೆ ಬರುತ್ತಿರಲಿಲ್ಲ.

ಮೊದಲು ಮಾಡಿದ್ದು ನಾಲ್ಕೂ ವರದಿಗಳನ್ನು ತರಿಸಿದ್ದು. ನಮ್ಮ ದೇಶದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲಮಾಹಿತಿ ಕಂಪನಿಗಳಿವೆ; ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಕುಳಿತು ನಾಲ್ಕನ್ನೂ ಮುದ್ರಿಸಿಕೊಂಡು, ಮನೆಯ ಜಗಲಿಯಲ್ಲಿ ಹರಡಿ ಅಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲಿ ಜೋಡಿ ನಮೂದು, ಒಂದರಲ್ಲಿ ಬ್ಯಾಂಕಿನದ್ದು ಮಾತ್ರ, ಇನ್ನೊಂದರಲ್ಲಿ ನನ್ನ ಹುಟ್ಟಿದ ವರ್ಷವೇ ತಪ್ಪು. ಒಂದನ್ನು ಸರಿಪಡಿಸಿದರೆ ಉಳಿದವು ತಾವಾಗಿ ಸರಿಹೋಗುತ್ತವೆಂಬ ನಂಬಿಕೆ ಅಲ್ಲಿಗೆ ಬಿಟ್ಟುಹೋಯಿತು.

ಆಮೇಲೆ, ಜೂನ್ 3ರಂದು, ಕೊಂಡುಕೊಂಡ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿದೆ. ಅದಕ್ಕೆ ಮೊದಲು ಆ ಹೆಸರು ರಿಸರ್ವ್ ಬ್ಯಾಂಕಿನ ಜಾಲತಾಣದ ನೋಂದಾಯಿತ ಕಂಪನಿಗಳ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೆ. ಕಾಸರಗೋಡಿನ ನಮ್ಮಂಥವರಿಗೆ ನೋಟೀಸು ಒಂದು ಭಾಷೆಯಲ್ಲಿ, ಫೋನು ಇನ್ನೊಂದರಲ್ಲಿ ಬರುತ್ತದೆ, ಲೆಕ್ಕ ಮಾಡುವುದು ಮಾತ್ರ ಕನ್ನಡದಲ್ಲಿ. ಆದ್ದರಿಂದ ಪತ್ರವನ್ನೂ ಮೊದಲು ಕನ್ನಡದಲ್ಲೇ ಬರೆದು, ಮಾತು ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ಮಾಡಿಸಿದೆ. ಕೇಳಿದ್ದು ಮೂರೇ ಸಂಗತಿ: ಸಾಲ ನಿಮಗೆ ವರ್ಗಾವಣೆಯಾದ ದಾಖಲೆಯ ಪ್ರತಿ, ಕೊನೆಯ ಕಂತಿನ ದಿನದಿಂದ ಈವರೆಗಿನ ಖಾತೆಯ ವಿವರ, ಮತ್ತು 96,420 ರೂಪಾಯಿ 1,86,000 ಆದದ್ದು ಯಾವ ಲೆಕ್ಕದಲ್ಲಿ ಎಂಬುದು. ಕೊನೆಯಲ್ಲಿ "ಈ ಪತ್ರವು ಮಾಹಿತಿ ಕೇಳುವುದಕ್ಕಾಗಿ ಮಾತ್ರ, ಇದನ್ನು ಸಾಲದ ಒಪ್ಪಿಗೆಯಾಗಲೀ ಪಾವತಿಯ ವಾಗ್ದಾನವಾಗಲೀ ಎಂದು ಪರಿಗಣಿಸಬಾರದು" ಎಂದು ಸೇರಿಸಿದೆ.

ಆ ವಾಕ್ಯಕ್ಕೆ ಕಾರಣವಿದೆ. 1963ರ ಅವಧಿ ಕಾಯಿದೆಯಂತೆ ಇಂಥ ಸಾಲದ ಮೇಲೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಬರಹದಲ್ಲಿ ಸಾಲ ಒಪ್ಪಿಕೊಂಡರೆ ಅಥವಾ ಸ್ವಲ್ಪ ಹಣ ಕಟ್ಟಿ ಅದು ಬರಹದಲ್ಲಿ ದಾಖಲಾದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅವಧಿ ಮೀರಿದ ಮೇಲೂ, ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ ಕರಾರು ಕಾಯಿದೆಯ 25ನೇ ಸೆಕ್ಷನ್ನಿನಂತೆ ಅದು ಹೊಸ ಕರಾರಾಗುತ್ತದೆ. ಹಾಗೆಂದು, ಅವಧಿ ಮೀರಿದ ಮಾತ್ರಕ್ಕೆ ಸಾಲ ಅಳಿಯುವುದಿಲ್ಲ, ವರದಿಯ ನಮೂದೂ ಹೋಗುವುದಿಲ್ಲ. ನನಗೆ ತೀರಿಸದೆ ಬಿಡುವ ಮನಸ್ಸಿರಲಿಲ್ಲ. ಎಷ್ಟು ತೀರಿಸಬೇಕು, ಯಾರಿಗೆ ತೀರಿಸಬೇಕು ಎಂಬುದು ಕಾಗದದಲ್ಲಿ ಗೊತ್ತಾಗುವ ಮೊದಲು ಕೈ ಕಟ್ಟಿಸಿಕೊಳ್ಳಬಾರದೆಂದಷ್ಟೇ ಇತ್ತು.

ಮೂರು ವಾರಕ್ಕೆ ಉತ್ತರ ಬಂತು. 2017ರಲ್ಲಿ ಸಾಲ ವರ್ಗವಾದ ದಾಖಲೆಯ ಪ್ರತಿಯೂ ಖಾತೆಯ ವಿವರವೂ ಅದರಲ್ಲಿದ್ದವು, ಹೆಚ್ಚುವರಿ ತೊಂಬತ್ತು ಸಾವಿರದ ಲೆಕ್ಕ ಮಾತ್ರ ಇರಲಿಲ್ಲ. ನೀವೇ ವರದಿ ಮಾಡಿದ ಬಾಕಿ 96,420, ಅದನ್ನು ಪೂರ್ತಿ ಕೊಡಲು ಸಿದ್ಧನಿದ್ದೇನೆ ಎಂದು ಬರೆದೆ. ಫೋನಿನಲ್ಲಿ ಅವರು ಇನ್ನೊಂದು ದಾರಿ ಹೇಳಿದರು: ಐವತ್ತು ಸಾವಿರ ಕೊಟ್ಟು ಸೆಟಲ್ ಮಾಡಿಕೊಳ್ಳಿ. ಕೇಳಲು ಹಿತವಾಗಿತ್ತು. ಆದರೆ ಬಾಕಿಗಿಂತ ಕಡಿಮೆ ಕೊಟ್ಟು ಮುಗಿಸಿದರೆ ವರದಿಯಲ್ಲಿ "ಸೆಟಲ್ಡ್" ಎಂದು ಬರುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ಕೊಡದವನು ಎಂದೇ ಓದುತ್ತಾರೆ. ಕೈಯಲ್ಲಿ ಹಣವೇ ಇಲ್ಲದವರಿಗೆ ಅದೂ ಒಂದು ಬಿಡುಗಡೆಯೇ. ನನಗೆ ಮನೆಯ ಸಾಲ ಬೇಕಿತ್ತು. ಹೀಗಾಗಿ ಪೂರ್ತಿ ಮೊತ್ತ, ಅದಕ್ಕೆ "ಕ್ಲೋಸ್ಡ್", ಬಾಕಿ ಸೊನ್ನೆ ಎಂಬ ಲಿಖಿತ ಮಾತು ಎಂದು ಪಟ್ಟು ಹಿಡಿದೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಆ ಪತ್ರ ಬಂದ ಮೇಲೆಯೇ, ಅಟ್ಟದಲ್ಲಿಟ್ಟಿದ್ದ ಚಾಲಿ ಅಡಕೆ ಮಾರಿ, ಜುಲೈ ಕೊನೆಗೆ ಪತ್ರದಲ್ಲಿ ಹೇಳಿದ ಕಂಪನಿಯ ಖಾತೆಗೇ ನೆಫ್ಟ್ ಮಾಡಿದೆ. ಬಾಕಿಯಿಲ್ಲವೆಂಬ ಪತ್ರ ಹತ್ತು ದಿನದಲ್ಲಿ ಕೈ ಸೇರಿತು.

ಕಷ್ಟವಾದದ್ದು ಹಳೆಯ ಬ್ಯಾಂಕಿನ ನಮೂದು. ಸಾಲವನ್ನೇ ಮಾರಿದ ಮೇಲೆ ಅವರ ಹೆಸರಿನಲ್ಲಿ ನನಗೆ ಬಾಕಿ ಇರಲು ಸಾಧ್ಯವಿಲ್ಲ. ಜೂನ್‌ನಲ್ಲೇ ವರದಿಯ ಆನ್‌ಲೈನ್ ದೂರಿನ ಪುಟದಲ್ಲಿ ತಕರಾರು ಹಾಕಿದ್ದೆ. ಸಾಲಮಾಹಿತಿ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ, ಮಾಹಿತಿ ಕೊಟ್ಟ ಬ್ಯಾಂಕಿಗೆ ಕಳಿಸಿ ಕೇಳುತ್ತದೆ. ಬ್ಯಾಂಕು "ಮಾಹಿತಿ ಸರಿಯಿದೆ" ಎಂದು ಹಿಂತಿರುಗಿಸಿತು. ಆಗ ವರ್ಗಾವಣೆಯ ದಾಖಲೆಯ ಪ್ರತಿಯನ್ನು ಲಗತ್ತಿಸಿ ದೂರುಗಳನ್ನು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆದೆ. ಜುಲೈ 15ಕ್ಕೆ ತಲುಪಿದೆಯೆಂದು ಅಂಚೆಯ ಸಹಿಚೀಟಿ ಹಿಂದೆ ಬಂತು. ಮೂವತ್ತು ದಿನ ಕಾದೆ, ಉತ್ತರವಿಲ್ಲ.

ಆಗಸ್ಟ್ 17ರಂದು, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಟ್ಟೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮೊದಲು ಬ್ಯಾಂಕಿಗೆ ಬರೆದು ಮೂವತ್ತು ದಿನ ಕಾದಿರಬೇಕು ಅಥವಾ ಬಂದ ಉತ್ತರ ಸಮಾಧಾನ ಕೊಡದಂತಿರಬೇಕು. ತಿದ್ದುಪಡಿಯ ದೂರು ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದ್ದದ್ದರಿಂದ ಅದನ್ನೂ ಕೇಳಿದೆ. ಸಹಿಚೀಟಿಯ ಪ್ರತಿ ಇಲ್ಲದಿದ್ದರೆ ಮೂವತ್ತು ದಿನ ಯಾವತ್ತಿನಿಂದ ಎಂಬ ಚರ್ಚೆಯೇ ಮುಗಿಯುತ್ತಿರಲಿಲ್ಲ. ಸೆಪ್ಟೆಂಬರ್ 24ಕ್ಕೆ ಬ್ಯಾಂಕು ನಮೂದನ್ನು ತಿದ್ದಿತು. ನಲವತ್ತೊಂದು ದಿನದ ವಿಳಂಬಕ್ಕೆ 4,100 ರೂಪಾಯಿ ನನ್ನ ಖಾತೆಗೆ ಬಂತು.

ಡಿಸೆಂಬರ್‌ನಲ್ಲಿ ಅದೇ ಮ್ಯಾನೇಜರ್ ಮುಂದೆ ಮತ್ತೆ ಕುಳಿತಾಗ ಅಂಕ 694 ಆಗಿತ್ತು. ಅವರು ಬಾಕಿಯಿಲ್ಲವೆಂಬ ಪತ್ರದ ಮೂಲಪ್ರತಿ ಕೇಳಿ ನೋಡಿ, ಅರ್ಜಿ ತೆಗೆದುಕೊಂಡರು. ನಾಲ್ಕು ವರದಿಗಳಲ್ಲಿ ಮೂರು ಈಗ ಸರಿಯಾಗಿವೆ. ನಾಲ್ಕನೆಯದರಲ್ಲಿ ಹುಟ್ಟಿದ ವರ್ಷ ಇನ್ನೂ ತಪ್ಪಾಗಿಯೇ ಇದೆ. ಅದರ ತಿದ್ದುಪಡಿಗೆ ಮೊನ್ನೆ ಸೋಮವಾರ ಅರ್ಜಿ ಹಾಕಿ, ಮೂವತ್ತನೆಯ ದಿನ ಯಾವುದೆಂದು ಅಡಕೆ ಪುಸ್ತಕದಲ್ಲಿ ಗುರುತು ಮಾಡಿಟ್ಟಿದ್ದೇನೆ.