ಕೈತೋಟದ ಮಡಿಗಳಲ್ಲಿ ನೆರೆಹೊರೆಯ ಬೆಕ್ಕುಗಳು ಹೊಲಸು ಮಾಡದಂತೆ ನೋಡಿಕೊಳ್ಳುವುದು ಹೇಗೆ

ಕೊತ್ತಂಬರಿಯನ್ನೋ ಮೆಂತ್ಯವನ್ನೋ ಬಿತ್ತಲೆಂದು ಸಂಜೆ ಹೊತ್ತು ಮಣ್ಣನ್ನು ಅಗೆದು, ಹೆಂಟೆಗಳನ್ನು ಪುಡಿಮಾಡಿ, ಒಣಗಿದ ಸಗಣಿ ಗೊಬ್ಬರವನ್ನು ಬೆರೆಸಿ ಮಡಿಯನ್ನು ಸಮಮಾಡಿಟ್ಟರೆ, ಮರುದಿನ ಬೆಳಿಗ್ಗೆ ಅದರ ನಟ್ಟನಡುವೆ ಕೆದರಿದ ಮಣ್ಣಿನ ಸಣ್ಣ ಗುಪ್ಪೆಯೊಂದು ಕಾಣಿಸುತ್ತದೆ. ಅದನ್ನು ಸರಿಸಿದರೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಮಲವನ್ನು ಹೂತು ಮುಚ್ಚುವ ಸ್ವಭಾವದ ಬೆಕ್ಕಿಗೆ ಬೇಕಾದದ್ದು ಸಡಿಲವಾದ, ಒಣಗಿದ, ಪಾದಕ್ಕೆ ಮೆತ್ತಗಿರುವ ಮಣ್ಣು. ನಾವು ಬಿತ್ತನೆಗೆಂದು ಮಾಡುವ ಸಿದ್ಧತೆಯೆಲ್ಲ ಅದಕ್ಕೂ ಒದಗಿಬರುತ್ತದೆ. ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಬೇಸಿಗೆಯಿಡೀ ಕೋಲು ಹಿಡಿದು ಕಾದ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಓಡಿಸಿದ ಬೆಕ್ಕು ನಾವು ಮಲಗಿದ ಮೇಲೆ ಮತ್ತೆ ಬರುತ್ತದೆ, ಆದರೆ ಕಾಲಿಟ್ಟು ಕೆದರಲಾಗದ ಮಣ್ಣಿಗೆ ಬರುವುದಿಲ್ಲ.

ಮೊದಲು, ಬಂದದ್ದು ಬೆಕ್ಕೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಕಾಂಪೌಂಡ್ ಗೋಡೆಯ ಮೇಲೋ ಹೆಂಚಿನ ಮೇಲೋ ಮುಚ್ಚದೆ ಬಿಟ್ಟ, ಹಣ್ಣಿನ ಬೀಜಗಳು ತುಂಬಿದ ಹಿಕ್ಕೆಯಾದರೆ ಅದು ಬಹುಮಟ್ಟಿಗೆ ಪುನುಗು ಬೆಕ್ಕಿನದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಆ ಪ್ರಾಣಿಯ ತಂಟೆಗೆ ಹೋಗಬಾರದು. ಆಳವಾದ ಬಿಲ, ಅದರ ಬಾಯಲ್ಲಿ ಮಣ್ಣಿನ ರಾಶಿ ಇದ್ದರೆ ಅದು ಹೆಗ್ಗಣದ ಕೆಲಸ. ಗಂಡು ಬೆಕ್ಕು ಬಾಲವೆತ್ತಿ ನಿಂತು ಗೋಡೆಗೆ, ಕುಂಡಕ್ಕೆ, ಸ್ಕೂಟರಿನ ಚಕ್ರಕ್ಕೆ ಮೂತ್ರ ಚಿಮುಕಿಸುವುದು ತನ್ನ ಎಲ್ಲೆಯನ್ನು ಗುರುತಿಸಲಿಕ್ಕೆ. ಅದಕ್ಕೆ ಮಣ್ಣಿನ ಉಪಾಯಗಳಾವುವೂ ತಾಗುವುದಿಲ್ಲ.

ಅನಂತರ ಶುಚಿ ಮಾಡುವ ಕೆಲಸ. ಹಳೆಯ ವಾಸನೆ ಉಳಿದಿದ್ದರೆ ಬೆಕ್ಕು ಅದೇ ಜಾಗವನ್ನು ಹುಡುಕಿಕೊಂಡು ಬರುವುದರಿಂದ ಈ ಹಂತವನ್ನು ಬಿಡುವಂತಿಲ್ಲ. ಕೈಗವಸು ಹಾಕಿಕೊಂಡು, ಹಿಕ್ಕೆಯ ಜೊತೆಗೆ ಸುತ್ತಲಿನ ಒಂದು ಹಿಡಿ ಮಣ್ಣನ್ನೂ ಸೇರಿಸಿ ಎತ್ತಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಸಗಣಿಯಂತೆ ಇದೂ ಗೊಬ್ಬರವೇ ಅಲ್ಲವೇ ಎಂದು ಕಾಂಪೋಸ್ಟ್ ಗುಂಡಿಗೆ ಎಸೆಯುವವರಿದ್ದಾರೆ, ಹಾಗೆ ಮಾಡಬಾರದು. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಗೊಂಡೈ ಎಂಬ ಪರಾವಲಂಬಿ ಜೀವಿಯ, ಕಣ್ಣಿಗೆ ಕಾಣದ ಮೊಟ್ಟೆಯಂಥ ಕೋಶಗಳಿರಬಹುದು. ಮೊದಲ ಬಾರಿ ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ 1ರಿಂದ 3 ವಾರಗಳವರೆಗೆ ಇವನ್ನು ಹೊರಹಾಕುತ್ತದೆ. ಹೊರಬಿದ್ದ 1ರಿಂದ 5 ದಿನಗಳಲ್ಲಿ ಅವು ಸೋಂಕು ಹರಡುವ ಶಕ್ತಿ ಪಡೆಯುತ್ತವೆ, ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯಬಲ್ಲವು. ಹೀಗಾಗಿ ಕಂಡ ದಿನವೇ ತೆಗೆಯುವುದು ಮೇಲು. ಬ್ಲೀಚಿಂಗ್ ಪುಡಿಗೆ ಅವು ಜಗ್ಗುವುದಿಲ್ಲ. ಕುದಿಯುವ ನೀರಿಗೆ ಸಾಯುತ್ತವೆಯಾದರೂ ಅದನ್ನು ಕಟ್ಟೆ, ಕುಂಡದ ತಟ್ಟೆ, ಕಳೆಗುದ್ದಲಿಗಳಿಗೆ ಬಳಸಬೇಕೇ ಹೊರತು ಬೇರಿರುವ ಮಣ್ಣಿಗೆ ಸುರಿಯಬಾರದು. ಮನೆಯಲ್ಲಿ ಬಸುರಿಯರಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಅವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಹೊಲಸಾದ ಮಡಿಯ ಕೊತ್ತಂಬರಿಯನ್ನು ಕೋಸಂಬರಿಗೆ ಹಸಿಯಾಗಿ ಹಾಕದೆ, ಆ ಜಾಗದಲ್ಲಿ ಬೇಯಿಸಿ ತಿನ್ನುವ ಬದನೆಯನ್ನೋ ಹುರುಳಿಕಾಯಿಯನ್ನೋ ಬೆಳೆಯುವುದು ಒಳ್ಳೆಯದು.

ಇನ್ನು ಮುಖ್ಯ ಉಪಾಯ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೋಳಿಗೂಡಿಗೆಂದು ಮಾರುವ, ಸುಮಾರು ಒಂದು ಅಂಗುಲದ ಕಣ್ಣುಗಳಿರುವ, ತುಕ್ಕು ಹಿಡಿಯದಂತೆ ಸತುವಿನ ಲೇಪ ಹಚ್ಚಿದ ತಂತಿ ಜಾಲರಿಯನ್ನು ತಂದು ಮಡಿಯ ಅಳತೆಗಿಂತ ಎಲ್ಲ ಕಡೆಯೂ ಮೂರು ಅಂಗುಲ ಹೆಚ್ಚಾಗಿ ಕತ್ತರಿಸಿಕೊಳ್ಳಬೇಕು. ಬೀಜ ಬಿತ್ತಿ ಮಣ್ಣು ಮುಚ್ಚಿದ ಕೂಡಲೇ ಅದನ್ನು ಮಡಿಯ ಮೇಲೆ ಚಾಪೆಯಂತೆ ಹಾಸಿ, ಹೆಚ್ಚಿನ ಅಂಚನ್ನು ಕೆಳಕ್ಕೆ ಮಡಿಸಿ ಮಣ್ಣಿನಲ್ಲಿ ಹೂತು, ಮೂಲೆಗಳಿಗೆ ಕಲ್ಲು ಹೇರಬೇಕು. ಬೆಕ್ಕಿನ ಪಾದಕ್ಕೆ ತಂತಿ ಹಿತವಾಗಿರುವುದಿಲ್ಲ, ಉಗುರು ಹಾಕಿ ಕೆದರಲಂತೂ ಆಗುವುದೇ ಇಲ್ಲ. ಮೊಳಕೆ ಮಾತ್ರ ಕಣ್ಣುಗಳ ನಡುವೆ ನಿರಾತಂಕವಾಗಿ ಮೇಲೇಳುತ್ತದೆ. ಟೊಮೆಟೊ, ಬದನೆ, ಮೆಣಸಿನ ಸಸಿಗಳಿಗೆ ಜಾಲರಿಯಲ್ಲಿ ಅಂಗೈಯಗಲದ ತೂತು ಮಾಡಿ, ತಂತಿಯ ತುದಿಗಳನ್ನು ಇಕ್ಕಳದಿಂದ ಒಳಕ್ಕೆ ಬಾಗಿಸಬೇಕು, ಇಲ್ಲದಿದ್ದರೆ ಕಳೆ ಕೀಳುವಾಗ ಕೈ ಗೀರುತ್ತದೆ. ನಾನು ಮೊದಲ ಸಲ ಮಾಡಿದ ತಪ್ಪೆಂದರೆ, ಬೇರುಸಹಿತ ಕೀಳಬೇಕಾದ ದಂಟಿನ ಸೊಪ್ಪಿನ ಮಡಿಗೂ ಜಾಲರಿಯನ್ನು ನೆಲಕ್ಕಂಟಿಸಿ ಹಾಸಿದ್ದು. ಕೊಯ್ಲಿನ ದಿನ ಗಿಡಗಳೆಲ್ಲ ತಂತಿಗೆ ಸಿಕ್ಕಿ ಹರಿದುಹೋದವು. ಅಂಥ ಸೊಪ್ಪಿಗೆ ಜಾಲರಿಯನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ ಕೂರಿಸಿ, ಎಲೆಗಳು ಮಣ್ಣನ್ನು ಮುಚ್ಚಿದ ಮೇಲೆ ತೆಗೆದುಬಿಡಬೇಕು.

ಜಾಲರಿ ಕೊಳ್ಳಲಾಗದಿದ್ದರೆ, ತೆಂಗಿನ ಗರಿಯ ಕಡ್ಡಿಗಳನ್ನೋ ಬಿದಿರಿನ ಸೀಳುಗಳನ್ನೋ ನಾಲ್ಕೈದು ಅಂಗುಲಕ್ಕೊಂದರಂತೆ ನೆಟ್ಟು ಬೆಕ್ಕು ತಿರುಗಿ ಕೂರಲು ಜಾಗವಿಲ್ಲದಂತೆ ಮಾಡಬಹುದು. ಆದರೆ ಆಡುವ ಮಕ್ಕಳ ಕಣ್ಣಿಗೆ ತಾಗದ ಎತ್ತರದಲ್ಲಿರಲಿ. ತೆಂಗಿನ ಚಿಪ್ಪುಗಳನ್ನು ಬೋರಲಾಗಿ ಒತ್ತೊತ್ತಾಗಿ ಜೋಡಿಸುವುದೂ ಆದೀತು. ತಾರಸಿಯ ಕುಂಡಗಳಲ್ಲಿ ಕೋಕೋಪೀಟ್ ಬಳಸುವವರು ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ಒಣಗಿದ ತೆಂಗಿನ ನಾರಿನ ಪುಡಿಯಷ್ಟು ಇಷ್ಟವಾದ ಹಾಸು ಬೆಕ್ಕಿಗೆ ಇನ್ನೊಂದಿಲ್ಲ. ಅದರ ಮೇಲೆ ಎರಡು ಅಂಗುಲ ದಪ್ಪಕ್ಕೆ ಜಲ್ಲಿ ಹರಡಿದರೆ ತೇವವೂ ಉಳಿಯುತ್ತದೆ. ಮನೆ ಕಟ್ಟಲು ತಂದ ಮರಳಿನ ರಾಶಿಯನ್ನು ರಾತ್ರಿ ಟಾರ್ಪಾಲಿನಿನಿಂದ ಮುಚ್ಚಬೇಕು.

ಬೆಕ್ಕನ್ನು ನಾವೇ ಕರೆಯುತ್ತಿದ್ದೇವೆಯೇ ಎಂಬುದನ್ನೂ ಪರಿಶೀಲಿಸಬೇಕು. ಮೀನು ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುವುದು, ಮೂಳೆ ಪುಡಿಯನ್ನೋ ಮೀನಿನ ಗೊಬ್ಬರವನ್ನೋ ಮೇಲೆಮೇಲೆ ಉದುರಿಸುವುದು ಆಹ್ವಾನವಿತ್ತಂತೆಯೇ. ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿ ಕುಪ್ಪಿಗಿಡದ್ದು: ಹಿತ್ತಿಲಲ್ಲಿ ತಾನಾಗಿ ಹುಟ್ಟುವ ಈ ಕಳೆಯ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗಿ ಅದರ ಮೇಲೆ ಹೊರಳಾಡುತ್ತವೆ. ಕಿತ್ತ ಕುಪ್ಪಿಗಿಡವನ್ನು ಮಡಿಯ ಅಂಚಿನಲ್ಲೇ ಬಿಡದೆ ದೂರಕ್ಕೆ ಸಾಗಿಸಬೇಕು.

ಒಂದು ಕಡೆ ಬೇಡವೆಂದ ಮೇಲೆ ಇನ್ನೊಂದು ಕಡೆ ಜಾಗ ಕೊಟ್ಟರೆ ಫಲ ಬೇಗ ಕಾಣುತ್ತದೆ. ಬಾವಿ ಮತ್ತು ತರಕಾರಿ ಮಡಿಗಳಿಂದ ದೂರದ, ಮಕ್ಕಳು ಸುಳಿಯದ ಮೂಲೆಯಲ್ಲಿ ಎರಡಡಿ ಉದ್ದಗಲದ ಜಾಗಕ್ಕೆ ಅರ್ಧ ಅಡಿ ಒಣಮರಳು ತುಂಬಿ, ಮೇಲೊಂದು ತಗಡಿನ ಮಾಡು ಇಟ್ಟರೆ ಸಾಕು. ಮೊದಲ ದಿನ ಹಿಕ್ಕೆಯ ಒಂದು ಚೂರನ್ನು ಅಲ್ಲಿ ಹೂತರೆ ಬೆಕ್ಕಿಗೆ ಸುಳಿವು ಸಿಗುತ್ತದೆ. ಪ್ರತಿದಿನ ಶುಚಿಮಾಡಲೇಬೇಕು, ಏಕೆಂದರೆ ಹೊಲಸು ತುಂಬಿದ ಮರಳನ್ನು ಬಿಟ್ಟು ಅದು ಮತ್ತೆ ನಮ್ಮ ಮೆಂತ್ಯದ ಮಡಿಗೇ ಬರುತ್ತದೆ. ಯಾರದೋ ಬೆಕ್ಕಿಗೆ ನಾವೇಕೆ ಶೌಚಾಲಯ ಕಟ್ಟಿಕೊಡಬೇಕೆಂದು ನಮ್ಮ ಮನೆಯಲ್ಲೂ ಆಕ್ಷೇಪಣೆ ಬಂದಿತ್ತು. ಇಡೀ ತೋಟ ಬಳಿಯುವುದಕ್ಕಿಂತ ಒಂದು ಮೂಲೆ ಬಳಿಯುವುದು ಸುಲಭವೆಂಬುದೇ ಅದಕ್ಕೆ ನನ್ನ ಉತ್ತರ.

ಕೆಲವು ಮನೆಮದ್ದುಗಳನ್ನು ಖಂಡಿತವಾಗಿ ದೂರವಿಡಬೇಕು. ನುಸಿಗುಳಿಗೆ ಬೆಕ್ಕಿಗೂ ವಿಷ, ಮಿಠಾಯಿಯೆಂದು ಬಾಯಿಗಿಡುವ ಮಗುವಿಗೂ ವಿಷ. ಕಪ್ಪು ಫಿನಾಯಿಲಿನಲ್ಲಿರುವಂಥ ಫೀನಾಲ್ ಪದಾರ್ಥಗಳನ್ನು ಕರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಖಾರದ ಪುಡಿ ಎರಚುವುದು ಹಿಂಸೆ. ವಿಷವಿಕ್ಕುವುದು ಅಪರಾಧವೂ ಹೌದು: ಪ್ರಾಣಿಗಳನ್ನು ಕೊಲ್ಲುವ, ವಿಷ ಹಾಕುವ, ಅಂಗಹೀನಗೊಳಿಸುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಿತ್ತಳೆ ಸಿಪ್ಪೆ ನಿರಪಾಯಕಾರಿಯಾದರೂ ಒಣಗಿದೊಡನೆ ನಿಷ್ಪ್ರಯೋಜಕ.

ಬೆಕ್ಕು ಯಾರದೆಂದು ಗೊತ್ತಿದ್ದರೆ ಆ ಮನೆಯವರೊಡನೆ ಮಾತಾಡುವುದು ಒಳ್ಳೆಯದು, ದೂರಿಗಿಂತ ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯವೆತ್ತಿಕೊಂಡು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು, ಸುಮಾರು ಒಂಬತ್ತು ವಾರಗಳಲ್ಲಿ ಈಯುತ್ತದೆ. ಒಂದಿದ್ದದ್ದು ಬೀದಿ ತುಂಬಲು ಹೆಚ್ಚು ಕಾಲ ಬೇಡ. ಗಂಡಿಗೆ ಮಾಡಿಸಿದರೆ ಗೋಡೆಗೆ ಮೂತ್ರ ಚಿಮುಕಿಸುವುದು ಬಹುಪಾಲು ಕಡಿಮೆಯಾಗುತ್ತದೆ. ಯಾರಿಗೂ ಸೇರದ ಬೀದಿ ಬೆಕ್ಕುಗಳ ವಿಷಯದಲ್ಲಿ ಗಂಟೆ ಕಟ್ಟುವವರು ಯಾರೆಂಬ ಹಳೆಯ ಪ್ರಶ್ನೆ ಏಳುತ್ತದೆ; ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ವೆಚ್ಚ ಹಂಚಿಕೊಂಡು ಪಶುವೈದ್ಯರಲ್ಲಿ ಮಾಡಿಸಿದೆವು.

ಮಳೆಗಾಲ ಬಂದೊಡನೆ ತೆರೆದ ಮಡಿಗಳು ಒದ್ದೆಯಾಗಿ ಬೆಕ್ಕುಗಳು ಸೂರಿನಡಿಯ ಒಣ ಮಣ್ಣಿಗೂ ಹೊದಿಕೆಯಿರುವ ಕುಂಡಗಳಿಗೂ ಸರಿಯುತ್ತವೆ. ಜೂನ್ ತಿಂಗಳ ಮೊದಲ ವಾರದಲ್ಲೇ ಮಡಿಗಳ ಜಾಲರಿಯಲ್ಲಿ ಒಂದೆರಡು ತುಂಡನ್ನು ಎತ್ತಿ ಅಲ್ಲಿ ಹಾಸಿಬಿಡಬೇಕು.