ಬೋರ್ಡ್‌ನ ಯುಎಸ್‌ಬಿ ಪೋರ್ಟ್‌ಗೆ 5 ವೋಲ್ಟ್ ತಲುಪಿಸುವುದು ಹೇಗೆ?

ಎಂಬೆಡೆಡ್ ಬೋರ್ಡನ್ನು (ಒಂದು ಸಾಧನದೊಳಗೆ ನಿರ್ದಿಷ್ಟ ಕೆಲಸಕ್ಕಿರುವ ಪುಟ್ಟ ಕಂಪ್ಯೂಟರ್ ಬೋರ್ಡ್) ಸ್ವತಃ ವಿನ್ಯಾಸ ಮಾಡುವವರು ಪ್ರೊಸೆಸರ್‌ಗೆ ಕೊಡುವ ಗಮನವನ್ನು ಯುಎಸ್‌ಬಿ ಪೋರ್ಟ್‌ನ ವಿದ್ಯುತ್ ಪೂರೈಕೆಗೆ ಕೊಡುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದೊಡನೆ ಬೋರ್ಡ್ ರೀಸೆಟ್ ಆದರೆ ಡ್ರೈವರ್ ಸಾಫ್ಟ್‌ವೇರ್ ಮೇಲೆ ಗೂಬೆ ಕೂರಿಸುತ್ತೇವೆ. ಹಲವು ಸಲ ದೋಷ 5 ವೋಲ್ಟ್ ದಾರಿಯಲ್ಲಿ ಇರುತ್ತದೆ.

ಮೊದಲು ಕರೆಂಟಿನ ಲೆಕ್ಕ ಬರೆದುಕೊಳ್ಳಿ. ಯುಎಸ್‌ಬಿ 2.0 ಪೋರ್ಟ್ ಒಂದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕು. ಬೋರ್ಡ್ ತನಗಾಗಿ 700 ಮಿಲಿಆಂಪಿಯರ್ ಎಳೆಯುತ್ತದೆ, ಎರಡು 2.0 ಪೋರ್ಟ್‌ಗಳಿವೆ ಎಂದುಕೊಂಡರೆ ಒಟ್ಟು 1.7 ಆಂಪಿಯರ್. ಅಡಾಪ್ಟರ್ 2.5 ಆಂಪಿಯರಿನದಿರಲಿ.

ಎರಡನೆಯದು ವೋಲ್ಟೇಜ್ ಕುಸಿತದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಪೂರ್ಣ ಹೊರೆಯಲ್ಲೂ ಪೋರ್ಟ್‌ನ ಬಾಯಲ್ಲಿ 4.75 ವೋಲ್ಟ್‌ಗಿಂತ ಕಡಿಮೆ ಇರಬಾರದು. ಸಪೂರವಾದ 28 ಗೇಜ್ ತಂತಿಯ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಪೂರ) ಒಂದು ಮೀಟರ್ ಕೇಬಲ್‌ನಲ್ಲಿ ಹೋಗಿಬರುವ ಪ್ರತಿರೋಧ ಸುಮಾರು 0.43 ಓಮ್, ಅದರಲ್ಲಿ 1.7 ಆಂಪಿಯರ್ ಹರಿದರೆ 0.73 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. ಅದೇ 24 ಗೇಜ್ ಆದರೆ ಕುಸಿತ ಸುಮಾರು 0.29 ವೋಲ್ಟ್. ಅಡಾಪ್ಟರ್ 5.1 ವೋಲ್ಟ್ ಕೊಟ್ಟರೆ ಬೋರ್ಡ್‌ಗೆ 4.81 ತಲುಪಿತು, ಪೋರ್ಟ್‌ಗೆ ವಿದ್ಯುತ್ ಬಿಡುವ, ತಡೆಯುವ ಪವರ್ ಸ್ವಿಚ್‌ನ 0.1 ಓಮ್‌ನಲ್ಲಿ ಆ ಪೋರ್ಟ್‌ನ 500 ಮಿಲಿಆಂಪಿಯರ್ ಹರಿದು ಇನ್ನೊಂದು 0.05 ಹೋಗಿ 4.76 ಉಳಿಯಿತು. ಕನೆಕ್ಟರ್‌ಗಳ ಮತ್ತು ಪಿಸಿಬಿ (ಬೋರ್ಡ್‌ನ ಮುದ್ರಿತ ಫಲಕ) ತಾಮ್ರದ ಪಾಲನ್ನು ಇನ್ನೂ ಹಿಡಿದಿಲ್ಲ! ವೋಲ್ಟೇಜ್ ಹೆಚ್ಚಿದರೆ ಅಷ್ಟೇ ವಿದ್ಯುತ್ತಿಗೆ ಕೇಬಲ್‌ನಲ್ಲಿ ಹರಿಯುವ ಕರೆಂಟ್ ಕಡಿಮೆ, ಕುಸಿತವೂ ಕಡಿಮೆ. ಆದ್ದರಿಂದ 12 ವೋಲ್ಟ್ ಒಳಗೆ ತಂದು, ಬೋರ್ಡ್ ಮೇಲೆಯೇ ಬಕ್ ಕನ್ವರ್ಟರ್‌ನಿಂದ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) 5 ವೋಲ್ಟ್ ಮಾಡಿಕೊಳ್ಳುವುದೇ ನೆಮ್ಮದಿಯ ದಾರಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ರಕ್ಷಣೆ. ಪಾಲಿಫ್ಯೂಸ್ (ಕರೆಂಟ್ ಮಿತಿಮೀರಿದಾಗ ಬಿಸಿಯಾಗಿ ತಡೆದು, ತಣಿದ ಮೇಲೆ ಮತ್ತೆ ಸರಿಹೋಗುವ ಫ್ಯೂಸ್) ಅಗ್ಗ, ಆದರೆ ನಿಧಾನ. ಜೊತೆಗೆ ಅದರದ್ದೂ ಪ್ರತಿರೋಧವಿದೆ. 2012ರ ಮೊದಲ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಪೋರ್ಟ್‌ಗೊಂದು 140 ಮಿಲಿಆಂಪಿಯರ್ ಪಾಲಿಫ್ಯೂಸ್ ಇತ್ತು. ಅದರಲ್ಲಾಗುವ ಕುಸಿತದಿಂದ ಕೆಲವು ಸಾಧನಗಳು ಸರಿಯಾಗಿ ನಡೆಯದೆ, ಮುಂದೆ ಅದನ್ನು ತೆಗೆಯಬೇಕಾಯಿತು. ಕರೆಂಟ್ ಮಿತಿ ಇರುವ ಪವರ್ ಸ್ವಿಚ್ ಐಸಿಯನ್ನು ಪೋರ್ಟ್‌ಗೊಂದರಂತೆ ಹಾಕಿ, ದೋಷವಾದಾಗ ಸೂಚನೆ ಕೊಡುವ ಅದರ ಫಾಲ್ಟ್ ಪಿನ್ ಅನ್ನು ಪ್ರೊಸೆಸರ್‌ಗೆ ಜೋಡಿಸಿ. ಆ ಸ್ವಿಚ್ ಹಿಮ್ಮುಖ ಕರೆಂಟನ್ನು ತಡೆಯುತ್ತದೆಯೇ ಎಂದು ಡೇಟಾಶೀಟ್‌ನಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಕೆಲವು ಹಬ್‌ಗಳು ಆಫ್ ಆದ ನಿಮ್ಮ ಬೋರ್ಡ್‌ಗೇ ಹಿಂದಿನಿಂದ ವಿದ್ಯುತ್ ತುಂಬುತ್ತವೆ.

ನಾಲ್ಕನೆಯದು ಕೆಪಾಸಿಟರ್. ಸಾಧನ ಚುಚ್ಚಿದ ಕ್ಷಣ ಅದರೊಳಗಿನ ಖಾಲಿ ಕೆಪಾಸಿಟರ್ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಅದು 10 ಮೈಕ್ರೋಫ್ಯಾರಡ್ ಮೀರಬಾರದೆಂಬ ನಿಯಮವಿದ್ದರೂ ಎಲ್ಲರೂ ಪಾಲಿಸುವುದಿಲ್ಲ. ಸ್ವಿಚ್‌ನ ಆಚೆ, ಪೋರ್ಟ್‌ಗೆ ಹತ್ತಿರದಲ್ಲಿ, ಕನಿಷ್ಠ 120 ಮೈಕ್ರೋಫ್ಯಾರಡ್‌ನ ಕಡಿಮೆ ಇಎಸ್‌ಆರ್ (ಒಳ ಪ್ರತಿರೋಧ) ಕೆಪಾಸಿಟರ್ ಇರಲಿ. ಪಕ್ಕದ ಪೋರ್ಟ್‌ನಲ್ಲಿ ಆಗ ಕಾಣುವ ಕುಸಿತ 330 ಮಿಲಿವೋಲ್ಟ್ ದಾಟಬಾರದು.

ಕೊನೆಗೆ ಪರೀಕ್ಷೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ 10 ಓಮ್, 5 ವಾಟ್‌ನ ಸಿಮೆಂಟ್ ರೆಸಿಸ್ಟರ್ ಒಂದೊಂದನ್ನು ಎರಡೂ ಪೋರ್ಟ್‌ಗಳಿಗೆ ಕಟ್ಟಿದರೆ ತಲಾ 500 ಮಿಲಿಆಂಪಿಯರ್ ಹರಿಯುತ್ತದೆ. ಮಲ್ಟಿಮೀಟರ್‌ನ ಮೊನೆಗಳನ್ನು ಅಡಾಪ್ಟರ್ ಬಳಿಯಲ್ಲ, ಪೋರ್ಟ್‌ನ ಪಿನ್‌ಗಳಿಗೇ ಹಿಡಿಯಿರಿ. ಬಳಿಕ ಒಂದು ಪೋರ್ಟನ್ನು ಶಾರ್ಟ್ ಮಾಡಿ, ಇನ್ನೊಂದರ ಮೇಲೆ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಇಟ್ಟು ನೋಡಿ. ಅಲ್ಲಿನ ಗೆರೆ ಕೆಳಗೆ ಬಿದ್ದರೆ ಸ್ವಿಚ್‌ಗೆ ಮೊದಲು, 5 ವೋಲ್ಟ್ ಒಳಬರುವ ಕಡೆ ಇರುವ ಕೆಪಾಸಿಟರ್ ಸಾಲದು, ಇಲ್ಲವೇ 5 ವೋಲ್ಟ್‌ನ ತಾಮ್ರದ ಗೆರೆ ತೀರಾ ಸಣ್ಣದಾಗಿದೆ. ರೆಸಿಸ್ಟರನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ.